ಚಹಾದ ಜಾಡು ಹಿಡಿಯುವ ಸೊಳ್ಳೆ ಅಕ್ಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಸಂಶೋಧನಾ ಕೇಂದ್ರದ ನೆಲಮಹಡಿಯ ಚಿಕ್ಕ ಕೋಣೆಯಲ್ಲಿ ಸೊಳ್ಳೆ ಅಕ್ಕ ಮಂಜುಗಡ್ಡೆಯ ಡಬ್ಬಿಗೆ ಖಾಲಿ ಕೊಳವೆಗಳನ್ನು ಒಂದೊಂದಾಗಿ ಇಳಿಸುತ್ತಿದ್ದಾರೆ. ಚುಚ್ಚಿದ್ದೇ ಗೊತ್ತಾಗದಂತೆ ರಕ್ತ ತೆಗೆಯುತ್ತಾರೆಂದು ಯಾರೋ ಇಟ್ಟ ಅಡ್ಡಹೆಸರು. ಕಾವಲುಗಾರನಿಂದ ಹಿಡಿದು ವಿಜ್ಞಾನಿಯವರೆಗೆ ಎಲ್ಲರ ಬಾಯಲ್ಲೂ ಅದೇ. ಆದರೆ ಇಂದು ತೋಳು ಚಾಚಿ ಕುರ್ಚಿಯಲ್ಲಿ ಕುಳಿತಿರುವುದು ಸ್ವಂತ ಅತ್ತೆ.

ಚಹಾ ಎಲೆಯಲ್ಲಿರುವ ಫ್ಲೇವನಾಯ್ಡ್ ಎಂಬ ಸಸ್ಯಾಂಶ ಕುಡಿದವರ ರಕ್ತಕ್ಕೆ ಎಷ್ಟು ಸೇರುತ್ತದೆ, ಎಷ್ಟು ಹೊತ್ತು ಉಳಿಯುತ್ತದೆ ಎಂದು ಅಳೆಯುವುದೇ ಇಲ್ಲಿನ ಅಧ್ಯಯನ. ಅದಕ್ಕೆ ಒಪ್ಪಿ ಬಂದವರು ಎರಡು ದಿನ ಚಹಾ, ಹಣ್ಣು, ಈರುಳ್ಳಿ ಮುಟ್ಟುವಂತಿಲ್ಲ. ಖಾಲಿ ಹೊಟ್ಟೆಯಲ್ಲಿ ಮೊದಲ ರಕ್ತ, ಆಮೇಲೆ ಒಂದು ಲೋಟ ಚಹಾ, ಅಲ್ಲಿಂದ ಸಂಜೆಯವರೆಗೆ ಗಂಟೆಗೊಮ್ಮೆ ರಕ್ತ. ತೆಗೆದದ್ದನ್ನು ಕೂಡಲೇ ಯಂತ್ರದಲ್ಲಿ ಗಿರಗಿರನೆ ತಿರುಗಿಸಿ, ಮೇಲೆ ನಿಲ್ಲುವ ಹಳದಿ ದ್ರವವನ್ನು ಹೆಪ್ಪುಗಟ್ಟಿಸಿಡಬೇಕು.

"ತಡ ಆದ್ರೆ ಅಳೆಯೋಕೆ ಏನೂ ಉಳಿಯಲ್ಲ. ಊಟಕ್ಕೆ ಕೂತ್ರೂ ಕಣ್ಣು ಗಡಿಯಾರದ ಮೇಲೇ" ಎನ್ನುತ್ತಾರೆ ಅವರು. ಆಸ್ಪತ್ರೆಯ ಮಕ್ಕಳ ವಾರ್ಡಿನಲ್ಲಿ ಅಳುವ ಕೂಸುಗಳ ಎಳೆನರ ಹುಡುಕಿ ಪಳಗಿದ ಕೈ. ಇಲ್ಲಿಯದು ಗುತ್ತಿಗೆ ಕೆಲಸ. ವರ್ಷ ಮುಗಿಯುತ್ತ ಬಂದಿದೆ, ಮುಂದುವರಿಸುವ ಮಾತು ಯಾರೂ ಎತ್ತಿಲ್ಲ. ಜನ ಸಿಗದೆ ಅಧ್ಯಯನ ನಡೆಸುವ ವಿಜ್ಞಾನಿ ಒದ್ದಾಡುವುದನ್ನು ನೋಡಲಾರದೆ ಅತ್ತೆಯನ್ನು ತಾವೇ ಒಪ್ಪಿಸಿ ಕರೆತಂದಿದ್ದಾರೆ.

ತೋಳಿಗೆ ರಬ್ಬರ್ ಪಟ್ಟಿ ಬಿಗಿಯಲು ಬಾಗಿದಾಗ ಮೂಗಿಗೆ ಘಮ್ಮೆಂದು ಬಡಿಯುತ್ತದೆ, ಚಹಾದ ವಾಸನೆ.

"ಅತ್ತೆ, ಬೆಳಿಗ್ಗೆ ಏನಾದ್ರೂ ಕುಡಿದ್ರಾ?"

"ನೀರು ಬಿಟ್ಟು ಇನ್ನೇನು ಕುಡೀಲಿ? ನೀನು ಬಿಟ್ಟಿದ್ದೀಯಾ?"

ರಕ್ತ ಕೊಳವೆಗೆ ಇಳಿಯುತ್ತದೆ. ಬಾಯಿ ಬಿಟ್ಟರೆ ಮನೆಯಲ್ಲಿ ರಣರಂಗ, ಮುಚ್ಚಿಕೊಂಡರೆ ಲೆಕ್ಕದಲ್ಲೊಂದು ಸುಳ್ಳು. ಚಹಾದ ಲೋಟ ಹಿಡಿದು ವಿಜ್ಞಾನಿ ಒಳಗೆ ಬರುತ್ತಿದ್ದಂತೆ ಸೊಳ್ಳೆ ಅಕ್ಕನ ಬಾಯಿಂದ ಮಾತು ಹೊರಬಿದ್ದೇಬಿಡುತ್ತದೆ.

"ಮೇಡಂ, ಕೊಡಬೇಡಿ. ಇವರು ಆಗ್ಲೇ ಕುಡಿದು ಬಂದಿದ್ದಾರೆ."

ಅತ್ತೆಯ ಮುಖ ಕೆಂಪೇರುತ್ತದೆ. "ಎರಡೇ ಗುಟುಕು ಕಣೇ. ತಲೆ ಸಿಡೀತಿತ್ತು." ವಿಜ್ಞಾನಿ ಲೋಟ ಕೆಳಗಿಡುತ್ತಾರೆ. "ಕರ್ಕೊಂಡು ಬರೋಕೆ ಮುಂಚೆ ನೋಡ್ಕೋಬಾರ್ದಿತ್ತಾ?" ಅಷ್ಟೇ ಮಾತು.

ಮನೆಯಲ್ಲಿ ಅತ್ತೆಯದು ಮೌನವ್ರತ. ಗಂಡ ಅಡಕತ್ತರಿಗೆ ಸಿಕ್ಕ ಅಡಿಕೆ, ಪತ್ರಿಕೆಯಿಂದ ತಲೆಯೆತ್ತುವುದಿಲ್ಲ. ಕೆಲಸವೂ ಹೋಗಿ ಮನೆಯೂ ಮುರಿದರೆ ಏನು ಗತಿ ಎಂದು ಸೊಳ್ಳೆ ಅಕ್ಕನಿಗೆ ಅನ್ನ ಸೇರುವುದಿಲ್ಲ. ಕೊನೆಗೊಂದು ಸಂಜೆ ಪಾತ್ರೆ ಒರೆಸುತ್ತ ಅತ್ತೆಯೇ ಕೇಳುತ್ತಾರೆ:

"ನಿಮ್ಮ ಮೇಡಂ ಬೈದ್ರಾ?"

"ಬೈಲಿಲ್ಲ. ಮಾತೇ ಕಡಿಮೆ ಮಾಡಿದ್ದಾರೆ."

"ಇನ್ನೊಂದ್ಸಲ ಬರ್ತೀನಿ ಅಂತ ಹೇಳು. ಈ ಸಲ ಟೀಪುಡಿ ಡಬ್ಬೀನ ಪಕ್ಕದ್ಮನೆಗೆ ಕೊಟ್ಬಿಡು. ನನ್ನ ಮೇಲೆ ನಂಗೇ ನಂಬಿಕೆ ಇಲ್ಲ."

ವಿಜ್ಞಾನಿ ಒಪ್ಪುತ್ತಾರೆ. ಅತ್ತೆ ಮತ್ತೆ ಕುರ್ಚಿ ಏರುತ್ತಾರೆ, ಚಹಾ ಇಲ್ಲದೆ ಸಿಡಿಯುವ ತಲೆಗೆ ಬಟ್ಟೆ ಬಿಗಿದುಕೊಂಡು. ಮೊದಲ ಸಲ ನರ ಜಾರುತ್ತದೆ. ಸೊಳ್ಳೆ ಅಕ್ಕ ಬಿಸಿನೀರಿನ ಚೀಲ ಒತ್ತಿ, ಇನ್ನೊಂದು ಕೈಗೆ ಚುಚ್ಚುತ್ತಾರೆ. ಅತ್ತೆ ತುಟಿ ಕಚ್ಚುತ್ತಾರೆ, ಹಾ ಎನ್ನುವುದಿಲ್ಲ. ಸಂಜೆಯ ಹೊತ್ತಿಗೆ ಹಳದಿ ದ್ರವ ತುಂಬಿದ ಕೊಳವೆಗಳೆಲ್ಲ ಮಂಜಿನ ಪೆಟ್ಟಿಗೆ ಸೇರುತ್ತವೆ.

ಗುತ್ತಿಗೆಯ ಸುದ್ದಿ ಇನ್ನೂ ಬಂದಿಲ್ಲ. ಫೋನು ಸದ್ದು ಮಾಡಿದರೆ ಸಾಕು, ಸೊಳ್ಳೆ ಅಕ್ಕ ಬೆಚ್ಚುತ್ತಾರೆ. ಫ್ಲೇವನಾಯ್ಡ್ ಅಳೆಯುವ ಯಂತ್ರ ಇರುವುದು ಮೇಲಿನ ಮಹಡಿಯಲ್ಲಿ. ಅವರು ಅದನ್ನು ಇನ್ನೂ ಕಂಡಿಲ್ಲ.

"ಕೆಲಸ ಉಳಿಯತ್ತೋ ಬಿಡತ್ತೋ ಗೊತ್ತಿಲ್ಲ" ಎನ್ನುತ್ತ ಕೈಗವಸು ಕಳಚುತ್ತಾರೆ. "ಹೋಗೋಕೆ ಮುಂಚೆ ಆ ಯಂತ್ರಾನ ಒಂದ್ಸಲ ನೋಡಬೇಕು. ಅದರಲ್ಲಿ ಬರೋ ಅಂಕಿಯಲ್ಲಿ ನನ್ನ ಕಡೆಯಿಂದ ಸುಳ್ಳು ಸೇರಿಲ್ಲ."