ಗಂಟಿನಿಂದ ಏಳನೆಯ ತೂತುಕಾಸು

ಕಾಡಪ್ಪನ ಕೈಗೆ ಒಂದು ತುರಿಕೆಯಿದೆ, ಅದಕ್ಕೆ ಯಾವ ಡಾಕ್ಟರ ಹತ್ತಿರವೂ ಮದ್ದಿಲ್ಲ ಎಂದು ಅವನ ಹೆಂಡತಿ ಶರಣವ್ವ ಬೀದಿಗೆಲ್ಲ ಹೇಳಿಕೊಂಡು ಬರುತ್ತಿದ್ದಳು. ಸುಮ್ಮನೆ ಕೂತ ಗಳಿಗೆಯಿಲ್ಲ. ನೆಟ್ಟಗೆ ಹಾಡುತ್ತಿದ್ದ ರೇಡಿಯೋ ಬಿಚ್ಚುವುದು, ಸರಿಯಾಗಿ ನಡೆಯುತ್ತಿದ್ದ ಗಡಿಯಾರದ ಹೊಟ್ಟೆ ಬಗೆಯುವುದು, ಆಮೇಲೆ ಒಂದು ಸ್ಕ್ರೂ ಉಳಿಯಿತಲ್ಲ ಎಂದು ತಲೆ ಕೆರೆದುಕೊಳ್ಳುವುದು. ರೋಣದ ಕಡೆಯಿಂದ ಬಂದು ಜಾಲಹಳ್ಳಿಯ ಕಾರ್ಖಾನೆಯೊಂದರಲ್ಲಿ ವೈರಿಂಗ್ ಕೆಲಸಕ್ಕೆ ಸೇರಿ ಹತ್ತು ವರ್ಷವಾಗಿತ್ತು. ಅಲ್ಲಿ ಆ ತುರಿಕೆಗೆ ದಿನಕ್ಕೆ ಎಂಟು ಗಂಟೆ ಕೆಲಸ ಸಿಗುತ್ತಿತ್ತು. ಎಂಬತ್ತೊಂದರ ಮುಷ್ಕರದಲ್ಲಿ ಗೇಟು ಮುಚ್ಚಿತು ನೋಡಿ, ಮನುಷ್ಯ ಮನೆಗೆ ಬಿದ್ದ. ಕೆಂಪಾಪುರದ ಆ ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಬಾಗಿಲಿಂದ ಹಿತ್ತಿಲಿಗೆ, ಹಿತ್ತಿಲಿಂದ ಬಾಗಿಲಿಗೆ ನಡೆದದ್ದೇ ನಡೆದದ್ದು.

"ಒಂದ್ ಕಡೆ ಕುಂದರ್ರಿ ಮಾರಾಯ್ರ, ನಿಮ್ಮನ್ನ ನೋಡಿ ನನಗ ಚಕ್ರ ಬರಾಕತ್ತದ," ಎಂದು ಶರಣವ್ವ ಗದರುತ್ತಿದ್ದಳು.

ಹೀಗಿರುವಾಗ ಒಂದು ಮಧ್ಯಾಹ್ನ ಮನೆಯ ಒಡತಿ ಮುನಿವೆಂಕಟಮ್ಮ ಒಂದು ದಾರ ಹಿಡಿದುಕೊಂಡು ಬಂದಳು. ಅವಳು ಊರಿನ ಹಳೆಯ ಒಕ್ಕಲು ಮನೆತನದವಳು, ಪಕ್ಕದ ದೊಡ್ಡ ಮನೆಯಲ್ಲೇ ಇದ್ದವಳು. ದಾರದಲ್ಲಿ ಹನ್ನೊಂದು ತೂತುಕಾಸು ಪೋಣಿಸಿತ್ತು. ಬ್ರಿಟಿಷರ ಕೊನೆಗಾಲದ, ನಡುವೆ ತೂತಿದ್ದ ಕಾಸುಗಳು. ಅವರ ಮನೆಯಲ್ಲಿ ಹುಟ್ಟಿದ ಪ್ರತಿ ಮಗುವಿಗೂ ಮೂರನೆಯ ತಿಂಗಳಲ್ಲಿ ಉಡಿದಾರಕ್ಕೆ ಒಂದು ತೂತುಕಾಸು ಕಟ್ಟುವ ಪದ್ಧತಿ. ಮಗು ದೊಡ್ಡದಾದ ಮೇಲೆ ಅದನ್ನು ಬಿಚ್ಚಿ ಈ ದಾರಕ್ಕೆ ಸೇರಿಸುವುದು. ಅರಿಸಿನ, ಎಣ್ಣೆ, ಬೆವರು ಕೂತೂ ಕೂತೂ ಹನ್ನೊಂದೂ ಕರ್ರಗೆ ಬೆಲ್ಲದ ಚೂರಿನಂತಾಗಿದ್ದವು.

"ಗಂಟಿಂದ ಏಳ್ನೇದು ನನ್ ಮಗ ಬೈರಂದು ಕಣಪ್ಪ," ಎಂದು ಮುನಿವೆಂಕಟಮ್ಮ ಅದನ್ನು ಬಿಚ್ಚಿ ಅವನ ಅಂಗೈಗಿಟ್ಟಳು. "ಮೂರು ವರ್ಸಕ್ಕೇ ಓಗ್ಬುಟ್ಟ. ಈಗ ಮಗಳಿಗೆ ಗಂಡು ಉಟ್ಟದೆ. ಸೋಮವಾರ ಉಡಿದಾರ ಕಟ್ಬೇಕು. ಬೈರನ್ ಕಾಸೇ ಕಟ್ತೀನಿ ಅಂದ್ರೆ ಯಶವಂತಪುರದ ಬೀಗಿತಿ ಮೂಗು ಮುರೀತಾಳೆ. ಇಂಥ ಕೊಳಕು ಕಾಸು ಮಗಾ ಮೈಗೆ ತಾಗಿದ್ರೆ ಸೆಪ್ಟಿಕ್ ಆಗ್ತದಂತೆ. ಇದೊಂದ್ನ ಬೆಳಗ್ಸಿ ಕೊಡು."

"ಹುಣಸಿಹಣ್ಣು ಹಚ್ಚಿ ತಿಕ್ಕಿದ್ರ ಐದು ನಿಮಿಷದ ಕೆಲಸ," ಎಂದಳು ಶರಣವ್ವ.

"ತಿಕ್ಕಿದ್ರ ಅಂಚು ಸವೀತಾವ. ಇದಕ್ಕ ಒಂದು ಮಶೀನ್ ಬೇಕು," ಎಂದ ಕಾಡಪ್ಪ. ಎರಡು ತಿಂಗಳಿಂದ ಬಾಡಿದ್ದ ಮುಖದಲ್ಲಿ ಕಳೆ ಬಂದಿತ್ತು. ಐದು ನಿಮಿಷದ ಕೆಲಸ ಅವನಿಗೆ ಯಾಕೆ ಬೇಕು ಹೇಳಿ!

ಸೈಕಲ್ ತುಳಿದುಕೊಂಡು ಆರ್.ಟಿ. ನಗರದ ಜಿಯಾವುಲ್ಲಾನ ಗುಜರಿ ಅಂಗಡಿಗೆ ಹೋದ. ಕೆಟ್ಟ ರೆಕಾರ್ಡ್ ಪ್ಲೇಯರಿನ ಮೋಟಾರು, ಮುರಿದ ಟೇಪ್ ರೆಕಾರ್ಡರಿನ ಎರಡು ಉಕ್ಕಿನ ಕಡ್ಡಿ, ಸತ್ತ ರೇಡಿಯೋದ ಸ್ವಿಚ್ಚು ಆರಿಸಿಕೊಂಡ. "ಕ್ಯಾ ಕಾಡಪ್ಪ, ರಾಕೆಟ್ ಬಿಡ್ತೀಯಾ?" ಎಂದು ಜಿಯಾವುಲ್ಲಾ ನಕ್ಕ. ಅವನು ನಗಲಿ ಬಿಡಿ. ಕಾಡಪ್ಪ ಹಲಗೆಯ ಮೇಲೆ ಕಡ್ಡಿಗಳನ್ನು ಅಕ್ಕಪಕ್ಕ ಕೂರಿಸಿ, ಜಾರದಂತೆ ಸೈಕಲ್ ಟ್ಯೂಬು ತೊಡಿಸಿ, ಅದೇ ಟ್ಯೂಬಿನ ಉಂಗುರ ಕತ್ತರಿಸಿ ಮೋಟಾರಿಗೆ ಬೆಲ್ಟು ಮಾಡಿದ. ಕಡ್ಡಿಗಳ ಮೇಲೆ ಅಡ್ಡ ಮಲಗಿ ಉರುಳಲು ಶರಣವ್ವನ ಉಪ್ಪಿನಕಾಯಿಯ ಪ್ಲಾಸ್ಟಿಕ್ ಡಬ್ಬಿ ಬಂತು. ಉಪ್ಪಿನಕಾಯಿ ಪಾತ್ರೆಗೆ ಸುರಿದದ್ದಕ್ಕೆ ಅವಳು ಆಡಿದ ಮಾತುಗಳನ್ನು ಇಲ್ಲಿ ಬರೆಯುವುದು ಬೇಡ.

ಡಬ್ಬಿಗೆ ಬೈರನ ಕಾಸು, ಸಣ್ಣ ಮರಳು, ಹುಣಸೆ ನೀರು, ಚಿಟಿಕೆ ಸೋಪಿನಪುಡಿ. ಮೋಟಾರನ್ನು ಮೊದಲು ಹಳೇ ರೆಕಾರ್ಡಿನ ಎಪ್ಪತ್ತೆಂಟರ ವೇಗಕ್ಕಿಟ್ಟ. ಎಲ್ಲವೂ ಡಬ್ಬಿಯ ಗೋಡೆಗೆ ಅಂಟಿಕೊಂಡು ಸುತ್ತಿತೇ ಹೊರತು ಉರುಳಲಿಲ್ಲ. ಮೂವತ್ತಮೂರಕ್ಕೆ ಇಳಿಸಿದ. ಗರ್ರ್, ಗರ್ರ್ ಎಂದು ಹದವಾಗಿ ಉರುಳಿತು. ಅರ್ಧ ದಿನದ ಮೇಲೆ ಮುಚ್ಚಳ ತೆಗೆದರೆ ಬೈರನ ಕಾಸು ಹಾಕಿದ ಹಾಗೇ ಇತ್ತು. ಒಂಟಿ ಕಾಸು ಮರಳಿನಡಿ ಹೋಗಿ ಹಾಯಾಗಿ ಕೂತುಬಿಟ್ಟಿತ್ತು. ಹತ್ತು ಪೈಸೆಯ ನಾಣ್ಯಗಳನ್ನು ಜೊತೆಗೆ ಹಾಕಿ ನೋಡಿದ. ಅಲ್ಯೂಮಿನಿಯಂ ಹಗುರ, ತಾನೇ ಕಪ್ಪಾಯಿತೇ ಹೊರತು ಕಾಸನ್ನು ಉಜ್ಜಲಿಲ್ಲ. ಆಗಲೇ ಶನಿವಾರ. ಕಾಲು ಒಂದೆಡೆ ನಿಲ್ಲದು. ಎದ್ದು ಹೋಗಿ ಮುನಿವೆಂಕಟಮ್ಮನ ಬಾಗಿಲು ಬಡಿದ.

"ಒಂದಕ್ಕೊಂದು ತಿಕ್ಕಾಡಬೇಕ್ರಿ. ಸರಿಸಮ ತೂಕದ್ದು ಬೇಕು. ಉಳಿದ ಹತ್ತೂ ಕೊಡ್ರಿ."

ಅವಳು ದಾರವನ್ನು ಮುಷ್ಟಿಯಲ್ಲಿ ಹಿಡಿದು ತಂದಳು. "ಉಸಾರು ಕಣಪ್ಪ," ಎಂದು ಕೊಟ್ಟಳು.

ಕಾಡಪ್ಪ ದಾರ ಕತ್ತರಿಸಿ ಹತ್ತನ್ನೂ ಡಬ್ಬಿಗೆ ಸುರಿದ, ಮುಚ್ಚಳ ಬಿಗಿದ, ಸ್ವಿಚ್ಚು ಒತ್ತಿದ. ಈಗ ಸದ್ದೇ ಬೇರೆ. ಕಣಕಣ, ಕಣಕಣ. ಭಾನುವಾರ ಮಧ್ಯಾಹ್ನ ಸ್ವಿಚ್ಚು ಆರಿಸಿ, ಡಬ್ಬಿಯ ಕರಿನೀರನ್ನು ಬಚ್ಚಲಿಗೆ ಚೆಲ್ಲಿ, ತಟ್ಟೆಗೆ ಬೋರಲು ಹಾಕಿದ. ಅಬ್ಬಾ! ಹನ್ನೊಂದೂ ಟಂಕಸಾಲೆಯಿಂದ ಆಗ ತಾನೇ ಬಂದ ಹಾಗೆ ಕೆಂಪಗೆ ಹೊಳೆಯುತ್ತಿದ್ದವು.

"ಶರಣವ್ವಾ, ಬಾ ಇಲ್ಲಿ, ನೋಡು ಬಾ!"

ಅವಳು ಕೈ ಒರೆಸಿಕೊಳ್ಳುತ್ತ ಬಂದು ಬಗ್ಗಿ ನೋಡಿ, "ಭಾಳ ಚಂದ ಆಗ್ಯಾವ್ರಿ. ಬೈರಂದು ಯಾವುದು?" ಎಂದಳು.

ಕಾಡಪ್ಪ ಗುರುತೇ ಮಾಡಿರಲಿಲ್ಲ. ಕಾರ್ಖಾನೆಯಲ್ಲಿ ಒಂದು ವೈರು ಬಿಚ್ಚಬೇಕಾದರೂ ಮೊದಲು ಚೀಟಿ ಕಟ್ಟುವವನು. ನೂರು ವೈರು ಬಿಚ್ಚಿದರೆ ನೂರು ಚೀಟಿ. ಹೊಸ ಹುಡುಗರು ಮರೆತರೆ ಬಾಯಿಗೆ ಬಂದಂತೆ ಬೈಯುವವನು. ಏಳನೆಯ ಕಾಸಿನ ತೂತಿಗೆ ಒಂದೆಳೆ ತಂತಿ ಸುತ್ತಿದ್ದರೆ ಸಾಕಿತ್ತು. ತೂತು ಇದ್ದೇ ಇತ್ತಲ್ಲ! ಕಾಸುಗಳನ್ನು ಭೂತಗನ್ನಡಿಯಲ್ಲಿ ನೋಡಿದ, ಹಿಂದೆ ಮುಂದೆ ತಿರುಗಿಸಿದ, ಕಿವಿಯ ಹತ್ತಿರ ಹಿಡಿದು ಬಡಿದ. ಹನ್ನೊಂದೂ ಒಂದೇ.

"ಯಾವುದರ ಒಂದು ಕೊಡ್ರಿ. ಆಕಿಗೇನ್ ಗೊತ್ತಾಗ್ತದ?" ಎಂದಳು ಶರಣವ್ವ, ದನಿ ತಗ್ಗಿಸಿ.

ಒಂದನ್ನು ಆರಿಸಿ ಜೇಬಿಗೆ ಹಾಕಿಕೊಂಡು ಹೊರಟೂ ಹೊರಟ. ಬೇಲಿಯವರೆಗೆ ಹೋದವನು ವಾಪಸು ಬಂದ. ಮತ್ತೆ ಹೊರಟ, ಮತ್ತೆ ಬಂದ. ಕೊನೆಗೆ ತಟ್ಟೆಯನ್ನೇ ಎತ್ತಿಕೊಂಡು ಹೋಗಿ ಮುನಿವೆಂಕಟಮ್ಮನ ಮುಂದಿಟ್ಟು, "ತಪ್ಪಾತ್ರಿ. ಗುರುತು ಮಾಡೋದು ಮರೆತೆ," ಎಂದ.

ಅವಳು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಒಂದೊಂದನ್ನೇ ಎತ್ತಿ ಹೆಬ್ಬೆರಳಿನಿಂದ ಸವರಿದಳು, ಮೂಗಿಗೆ ಹಿಡಿದಳು, ಕೆಳಗಿಟ್ಟಳು. ಹನ್ನೊಂದೂ ಮುಗಿದವು.

"ತೊಳೆದ್ ನೀರು ಎಲ್ ಚೆಲ್ದೆ?"

"ಬಚ್ಚಲಿಗ್ರಿ."

"ಬೈರಂಗೆ ದಡಾರ ಬಂದಾಗ ಮೈಗೆಲ್ಲ ಅರಿಸ್ಣ ಬಳೀತಿದ್ದೆ. ಉಡಿದಾರಕ್ಕೂ, ಕಾಸಿಗೂ ಅತ್ಕೊಂಡಿತ್ತು," ಎಂದಳು ಅವಳು. "ಅದಿತ್ತು ಅದ್ರಾಗೆ." ಸೆರಗು ಬಾಯಿಗೆ ಒತ್ತಿಕೊಂಡಳು. ಕಾಡಪ್ಪನಿಗೆ ಅಲ್ಲೇ ನೆಲ ಬಿರಿದು ನುಂಗಬಾರದೇ ಅನ್ನಿಸಿತು.

ಸೋಮವಾರ ಮಗುವಿನ ಸೊಂಟಕ್ಕೆ ಹನ್ನೊಂದು ಕಾಸೂ ಕಟ್ಟಿದಳು. ಬೀಗಿತಿ ಇದೇನು ಮೂಟೆ ಅಂದದ್ದಕ್ಕೆ, "ಇದ್ರಾಗೆ ನನ್ ಮಗ ಅವ್ನೆ, ಸುಮ್ಕಿರಮ್ಮ," ಎಂದಳಂತೆ. ಮಗು ಅಂಬೆಗಾಲಿಡುವ ಹೊತ್ತಿಗೆ, ಅಜ್ಜಿಯ ಮನೆಗೆ ಬಂದಾಗಲೆಲ್ಲ ಗೋಡೆಯಾಚೆಯಿಂದ ಕಣಕಣ ಕೇಳತೊಡಗಿತು. ಆ ಸದ್ದಿಗೆ ಕಾಡಪ್ಪ ಊಟದ ತಟ್ಟೆ ಬಿಟ್ಟು ಎದ್ದು ಹೋದದ್ದುಂಟು. ಯಂತ್ರವನ್ನು ಅವನು ಆ ವಾರವೇ ಬಿಚ್ಚಿ ಜಿಯಾವುಲ್ಲಾನ ಅಂಗಡಿಗೆ ಒಯ್ದು ಎಸೆದಿದ್ದ. ಮುಷ್ಕರ ಮುಗಿದು ಗೇಟು ತೆರೆಯಿತು, ಕೆಲಸವೂ ಸಿಕ್ಕಿತು, ತುರಿಕೆ ಮಾತ್ರ ಒಳಗೆಲ್ಲೋ ಇಳಿದು ಕೂತಿತು. ಕಂಡದ್ದಕ್ಕೆಲ್ಲ ಚೀಟಿ ಕಟ್ಟತೊಡಗಿದ. ಸಕ್ಕರೆ ಡಬ್ಬಿಗೆ ಚೀಟಿ, ಕೀಲಿಕೈಗೆ ಚೀಟಿ, ಕೊಡೆಗೆ ಚೀಟಿ. "ನನ್ನ ಕೊರಳಿಗೊಂದು ಕಟ್ರಿ, ಯಾರ ಹೇಂತಿ ಅಂತ ಮರ್ತೀರಿ," ಎಂದು ಶರಣವ್ವ ನಗುತ್ತಿದ್ದಳು. ಅವನು ನಗುತ್ತಿರಲಿಲ್ಲ.

ಎಂಬತ್ತಾರರಲ್ಲಿ, ಮದುವೆಯಾಗಿ ಹದಿಮೂರು ವರ್ಷಕ್ಕೆ, ಶರಣವ್ವನಿಗೆ ಹೆಣ್ಣು ಮಗು ಹುಟ್ಟಿತು. ಮೂರನೆಯ ತಿಂಗಳಿಗೆ ಮುನಿವೆಂಕಟಮ್ಮ ವೀಳ್ಯದೆಲೆಯಲ್ಲಿ ಸುತ್ತಿದ ಒಂದು ತೂತುಕಾಸು ತಂದಳು. ಮೊಮ್ಮಗ ದೊಡ್ಡವನಾಗಿ ಹನ್ನೊಂದೂ ಅವಳ ಕೈಗೆ ಮರಳಿದ್ದವು.

ಕಾಡಪ್ಪ ಕೈ ಹಿಂದಕ್ಕೆಳೆದುಕೊಂಡ. "ಬ್ಯಾಡ್ರಿ. ಇದು ಬೈರಂದೇ ಆಗಿದ್ರ?"

"ಆಗಿರ್ಲಿ ಬುಡು. ಗುರ್ತು ಸಿಕ್ಕಿದ್ರೆ ಅವನ್ನ ಪೆಟ್ಟಿಗೇಲಿ ಮಡಗ್ತಿದ್ದೆ. ಈಗ ಯಾವ್ದ್ ಕೊಟ್ರೂ ಅವ್ನೇ ಓಯ್ತಾನೆ ಅನ್ನುಸ್ತದೆ. ಮೂರೇ ವರ್ಸ ಆಡಿದ್ದು ಪಾಪ. ನಿನ್ ಮನೇಲೂ ಒಂದಷ್ಟ್ ದಿನ ಆಡ್ಕಳ್ಳಿ," ಎಂದು ಅವಳು ಮಗುವಿನ ಉಡಿದಾರ ಬಿಚ್ಚಿದಳು. "ಮಗಾನ ನೆಟ್ಟಗೆ ಇಡ್ಕೊ."

ಕಾಡಪ್ಪ ಮಗುವನ್ನು ತೊಡೆಯ ಮೇಲೆ ನಿಲ್ಲಿಸಿಕೊಂಡ. ಕಣ್ಣೀರು ಗದ್ದದವರೆಗೆ ಇಳಿದರೂ ಒರೆಸಿಕೊಳ್ಳಲು ಕೈ ತೆಗೆಯಲಿಲ್ಲ. ಅವಳು ಕಾಸು ಪೋಣಿಸಿ ಗಂಟು ಹಾಕಿ ಮುಗಿಸುವವರೆಗೂ ಅಲುಗಾಡದೆ ಕೂತಿದ್ದ.