ವಿಶ್ರುತ್ ಇಬ್ಬರಲ್ಲ, ಒಬ್ಬರೇ

ಬೆಳಗ್ಗೆ ಆರೂ ಹತ್ತು. ಬನಶಂಕರಿ ಎರಡನೇ ಹಂತದಲ್ಲಿರುವ ರಕ್ತದಾನಿಗಳ ಟ್ರಸ್ಟ್‌ನ ಪುಟ್ಟ ಕಚೇರಿಯಲ್ಲಿ ಉಮಾಮಹೇಶ್ವರಿ ಹಿಂದಿನ ದಿನದ ಶಿಬಿರದ ಫಾರಂಗಳನ್ನು ಕಂಪ್ಯೂಟರಿಗೆ ಏರಿಸುತ್ತಿದ್ದಾರೆ. ಕೈಬರಹ ಅರ್ಥವಾಗದ ಕಡೆ ಪೆನ್ಸಿಲ್ ಗುರುತು. ಅಂಥವರಿಗೆಲ್ಲ ಒಂಬತ್ತರ ಮೇಲೆ ಫೋನ್ ಮಾಡಿ ಕೇಳಬೇಕು. ಅಷ್ಟರಲ್ಲಿ ಮೇಜಿನ ಫೋನೇ ಬಡಿದುಕೊಳ್ಳುತ್ತದೆ.

ಆ ತುದಿಯಲ್ಲಿ ಹೆರಿಗೆ ಆಸ್ಪತ್ರೆಯ ವೈದ್ಯೆ. ತುಂಬು ಗರ್ಭಿಣಿ ಸುರಭಿಗೆ ರಕ್ತಸ್ರಾವ ಶುರುವಾಗಿದೆ, ಮಧ್ಯಾಹ್ನದೊಳಗೆ ಆಪರೇಷನ್ ಆಗಲೇಬೇಕು. ಆಕೆಯದು ಬಾಂಬೆ ಗುಂಪಿನ ರಕ್ತ. ಸಾವಿರಾರು ಜನರಲ್ಲಿ ಒಬ್ಬರಿಗೆ ಇರುವಂಥದ್ದು. ಅದೇ ಗುಂಪಿನವರದ್ದಲ್ಲದೆ ಬೇರೆ ಯಾರ ರಕ್ತವೂ ಒಗ್ಗದು.

"ಐದು ನಿಮಿಷ ಕೊಡಿ ಡಾಕ್ಟ್ರೇ," ಎನ್ನುತ್ತಾರೆ ಉಮಾಮಹೇಶ್ವರಿ. ದಾನಿಗಳ ಪಟ್ಟಿಯಲ್ಲಿ ಆ ಗುಂಪಿನವರು ಮೂವರೇ. ಒಬ್ಬರು ಹೋದ ತಿಂಗಳಷ್ಟೇ ರಕ್ತ ಕೊಟ್ಟಿದ್ದಾರೆ, ಇಷ್ಟು ಬೇಗ ಮತ್ತೆ ಕೊಡುವಂತಿಲ್ಲ. ಇನ್ನೊಬ್ಬರು ದುಬೈಯಲ್ಲಿ. ಉಳಿದವರು ವಿಶ್ರುತ್.

ಎರಡು ತಿಂಗಳ ಹಿಂದಿನವರೆಗೆ ಪಟ್ಟಿಯಲ್ಲಿ ಈ ವಿಶ್ರುತ್ ಇಬ್ಬರಾಗಿದ್ದರು. ಬಿಟಿಎಂ ಲೇಔಟಿನ ಪಿಜಿಯಲ್ಲಿದ್ದ ಒಬ್ಬರದು ಬಾಂಬೆ ಗುಂಪು, ಆದರೆ ನಂಬರ್ ಸತ್ತುಹೋಗಿತ್ತು. ಜೆ.ಪಿ. ನಗರದವರ ನಂಬರ್ ಚಾಲ್ತಿಯಲ್ಲಿತ್ತು, ಆದರೆ ಶಿಬಿರದ ಅವಸರದ ಪರೀಕ್ಷೆಯಲ್ಲಿ ಗುಂಪು 'ಓ' ಎಂದು ದಾಖಲಾಗಿತ್ತು. ಇಬ್ಬರ ಹುಟ್ಟಿದ ದಿನವೂ ಒಂದೇ, ತಂದೆಯ ಹೆಸರೂ ಒಂದೇ ಎಂಬುದು ಉಮಾಮಹೇಶ್ವರಿಯವರ ಕಣ್ಣಿಗೆ ಬಿತ್ತು. ಫೋನ್ ಮಾಡಿ ಕೇಳಿದರೆ, ಮನೆಯೂ ನಂಬರೂ ಬದಲಾದ ಮೇಲೆ ಎರಡನೇ ಸಲ ಹೆಸರು ಬರೆಸಿದ್ದ ಅದೇ ವಿಶ್ರುತ್; ರಕ್ತ ಮತ್ತೆ ಪರೀಕ್ಷೆ ಮಾಡಿಸಿ, ಇಬ್ಬರನ್ನು ಒಬ್ಬರಾಗಿಸಿದರು.

ಈಗ ಆ ನಂಬರ್ ರಿಂಗಾಗುತ್ತಿದೆ. ಉತ್ತರವಿಲ್ಲ. ಮತ್ತೆ ಒತ್ತುತ್ತಾರೆ. ಮೂರನೇ ಸಲಕ್ಕೆ ನಿದ್ದೆಗಣ್ಣಿನ "ಹಲೋ".

"ವಿಶ್ರುತ್ ಅವ್ರೇ, ಬ್ಲಡ್ ಲಿಸ್ಟಿನ ಉಮಾ. ತಾಯಿ ಮಗು ಇಬ್ರ ಜೀವದ ವಿಷ್ಯ. ಬರಕ್ಕಾಗುತ್ತಾ?"

"ಹೊರಟೆ ಆಂಟಿ! ಗಾಡಿ ಕೀ ಹುಡುಕ್ತಾ ಇದೀನಿ, ಆಸ್ಪತ್ರೆ ಎಲ್ಲಿ ಹೇಳಿ!"

ವಿಳಾಸ ಹೇಳಿ ಫೋನ್ ಇಟ್ಟ ಮೇಲೆ ಉಮಾಮಹೇಶ್ವರಿಯವರಿಗೆ ಕೂರಲಾಗುವುದಿಲ್ಲ. ಕಿಟಕಿಗೂ ಮೇಜಿಗೂ ಓಡಾಡುತ್ತಲೇ, ಅವರ ಬಗ್ಗೆ ಬರೆಯಲು ಬಂದಿರುವ ನನ್ನೊಡನೆ ಮಾತಾಡುತ್ತಾರೆ. ಐವತ್ತನಾಲ್ಕರ ಈಕೆ ಒಂದು ಕಾಲಕ್ಕೆ ಬಿಳೇಕಹಳ್ಳಿಯಲ್ಲಿ ಎಸ್‌ಟಿಡಿ ಬೂತ್ ನಡೆಸುತ್ತಿದ್ದವರು. ಮೊಬೈಲ್ ಬಂತು, ಬೂತ್ ಮುಚ್ಚಿತು. ಆರು ವರ್ಷ ಗಾರ್ಮೆಂಟ್ಸ್‌ನಲ್ಲಿ ದುಡಿದು ಬೆನ್ನುನೋವು ಹತ್ತಿಸಿಕೊಂಡು, ಹದಿನಾಲ್ಕು ವರ್ಷದ ಹಿಂದೆ ಇಲ್ಲಿಗೆ ಬಂದರು. ಈಗ ಹದಿನೆಂಟು ಸಾವಿರ ಹೆಸರುಗಳು ಅವರ ಕೈಯಲ್ಲಿವೆ. ದಿನಕ್ಕೆ ಅರವತ್ತು ಕರೆ.

"ಅರ್ಧ ಜನ ಲೋನ್ ಕಂಪ್ನಿಯೋರು ಅನ್ಕೊಂಡು ಬೈದು ಇಟ್ಬಿಡ್ತಾರೆ," ಎಂದು ನಗುತ್ತಾರೆ. ಮರುಕ್ಷಣ ಮುಖ ಗಂಭೀರವಾಗುತ್ತದೆ. "ಒಂದ್ಸಲ ತೀರ್ಕೊಂಡಿದ್ದ ಹುಡ್ಗನಿಗೆ ಹುಟ್ಟುಹಬ್ಬದ ಮೆಸೇಜ್ ಹೋಗ್ಬಿಡ್ತು. ಅವ್ರಮ್ಮ ಫೋನ್ ಮಾಡಿದ್ರು. ಬೈಲಿಲ್ಲ, ಅತ್ರು. ಅವತ್ತಿಂದ ಪ್ರತಿ ಹೆಸ್ರನ್ನೂ ವರ್ಷಕ್ಕೊಂದ್ಸಲ ನಾನೇ ವಿಚಾರಿಸ್ತೀನಿ."

ಒಂದೂ ಇಪ್ಪತ್ತಕ್ಕೆ ವೈದ್ಯೆಯ ಫೋನ್. ಹೆಣ್ಣು ಮಗು. ವಿಶ್ರುತ್ ಕೊಟ್ಟ ರಕ್ತ ಬಳಕೆಯಾಗಿದೆ, ತಾಯಿ ಕಣ್ಣು ಬಿಟ್ಟಿದ್ದಾರೆ. ಉಮಾಮಹೇಶ್ವರಿ ಚಪ್ಪಾಳೆ ತಟ್ಟಿ, "ಗೆದ್ವಿ!" ಎಂದು ಕೂಗುವುದು ಬೀದಿಗೂ ಕೇಳಿಸುತ್ತದೆ.

ನಾಲ್ಕನೇ ದಿನ ಸುರಭಿಯೇ ಕರೆ ಮಾಡುತ್ತಾರೆ. "ಮೇಡಂ, ನಿಮ್ ಲಿಸ್ಟಲ್ಲಿ ನಮ್ಮಂಥೋರು ಮೂರೇ ಜನ ಅಂತೆ. ನನ್ ಹೆಸ್ರೂ ಸೇರಿಸ್ಕೊಳಿ."

"ಸೇರಿಸ್ತೀನಮ್ಮ. ಆದ್ರೆ ಮೊದ್ಲು ನೀವು ಚೇತರಿಸ್ಕೊಳಿ, ಮಗು ಹಾಲು ಬಿಡ್ಲಿ. ಅಲ್ಲೀವರ್ಗೂ ನಿಮ್ಗೆ ಯಾರೂ ಫೋನ್ ಮಾಡ್ದಂಗೆ ಬರ್ದಿಡ್ತೀನಿ."

ನಿಮಗೇನು ಬೇಕು ಎಂದು ನಾನು ಕೇಳಿದರೆ ಉಮಾಮಹೇಶ್ವರಿ ಹೆಚ್ಚು ಯೋಚಿಸುವುದಿಲ್ಲ. "ಮನೆ ಬದ್ಲಾಯಿಸಿದ್ರೆ ಹಾಲಿನೋರ್ಗೆ, ಪೇಪರ್‌ನೋರ್ಗೆ ಹೇಳ್ತಾರಲ್ಲ ಸಾರ್, ಹಂಗೇ ನಂಗೂ ಒಂದ್ ಮಾತು ಹೇಳ್ಬಿಟ್ರೆ ಸಾಕು."