ಒಂದೇ ಸೀಟಿನ ಟ್ರಿನಿಡಾಡ್

ಆ ದಿನ ಮುಂಜಾನೆ ಎದ್ದು ನಾನು ಮಾಡಿದ ಕೆಲಸಗಳು ಇವು: ಫ್ರಿಜ್ಜಿನ ಐಸು ಕರಗಿಸಿ ಒರೆಸಿದೆ, ಉಳಿದ ಹಾಲನ್ನೆಲ್ಲ ಚಹಾಕ್ಕೆ ಸುರಿದು ಗಂಡಹೆಂಡತಿ ಬೇಕಾಗಿಯೂ ಬೇಡವಾಗಿಯೂ ಕುಡಿದೆವು, ನಾಳೆಯಿಂದ ಹಾಲು ಬೇಡವೆಂಬ ಚೀಟಿಯನ್ನು ಖಾಲಿ ಬಾಟಲಿಯ ಕೊರಳಿಗೆ ಸಿಕ್ಕಿಸಿದೆ, ಪರದೆಗಳನ್ನು ಒಗೆದು, ಒಣಗಿಸಿ, ಮತ್ತೆ ಏರಿಸಿದೆ, ಒಲೆಯ ಹಿಂದೆ ಯಾರೂ ಎಂದೂ ಇಣುಕದ ಜಾಗದ ಜಿಡ್ಡನ್ನು ಕೆರೆದೆ, ಕಿಟಕಿಯ ತುಳಸಿಯನ್ನೂ ಮಿಕ್ಕ ಮೆಂತ್ಯೆಸೊಪ್ಪನ್ನೂ ಪಕ್ಕದ ಮನೆಗೆ ದಾಟಿಸಿದೆ. ಪ್ರವಾಸ ಹೊರಟವರ ಮನೆಯಷ್ಟು ಶುಭ್ರವಾದ ಮನೆ ಲೋಕದಲ್ಲಿ ಇನ್ನೊಂದಿಲ್ಲ ಎಂಬುದನ್ನು ನೀವೂ ಗಮನಿಸಿರಬೇಕು. ನಾವು ಇರುವಾಗ ಧೂಳು ನಡೆಯುತ್ತದೆ, ನಾವಿಲ್ಲದಾಗ ನಡೆಯುವುದಿಲ್ಲ. ಕಳ್ಳನೇ ಬಂದನೆನ್ನಿ, ‘ಎಂಥಾ ಹೊಲಸು ಮಂದಿ’ ಎಂದು ಮೂಗು ಮುರಿಯುತ್ತ ಹೋಗಬಾರದಲ್ಲ!

ನಾವು ಹೊರಟಿದ್ದದ್ದು ಟ್ರಿನಿಡಾಡಿಗೆ. ಹೊರಟಿದ್ದೆವು ಅನ್ನುವುದಕ್ಕಿಂತ ಹೊರಡುವ ಪ್ರಯತ್ನದಲ್ಲಿದ್ದೆವು ಅನ್ನುವುದು ಸತ್ಯಕ್ಕೆ ಹತ್ತಿರ. ನಮ್ಮ ಮನೆಯವರು ಹೀಥ್ರೋ ವಿಮಾನನಿಲ್ದಾಣದಲ್ಲಿ ಒಂದು ವಿಮಾನ ಕಂಪನಿಯ ಕಾರ್ಗೋ ಶೆಡ್ಡಿನಲ್ಲಿ ಕೆಲಸಕ್ಕಿದ್ದರು. ಅಲ್ಲಿಯ ನೌಕರರಿಗೂ ಅವರ ಹೆಂಡಂದಿರಿಗೂ ಸ್ಟ್ಯಾಂಡ್‌ಬೈ ಎಂಬ ಭಾಗ್ಯವಿದೆ: ವಿಮಾನದಲ್ಲಿ ಸೀಟು ಉಳಿದರೆ ಹತ್ತಬಹುದು, ಉಳಿಯದಿದ್ದರೆ ನಗುಮೊಗದಿಂದ ಮನೆಗೆ ಮರಳಬೇಕು. ಕಂಪನಿಯ ಮರ್ಯಾದೆಗಾಗಿ ಟೈ ಕಟ್ಟಿರಬೇಕೆಂಬ ನಿಯಮ ಬೇರೆ. ಸಮುದ್ರದಂಡೆಯಲ್ಲಿ ಕಾಲು ಚಾಚಲು ಹೊರಟ ಇವರು ಪ್ರತಿಸಲವೂ ಲಗ್ನದ ಬೀಗರಂತೆ ಸಿಂಗರಿಸಿಕೊಂಡು ಹೊರಟು, ಪ್ರತಿಸಲವೂ ಟೈ ಸಡಿಲಿಸುತ್ತ ಮನೆಯ ಕಡೆಗಿನ ಫೆಲ್ಥಮ್ಮಿನ ಬಸ್ಸು ಹತ್ತುತ್ತಿದ್ದರು. ಈ ಸಲ ಹಾಗಾಗುವಂತಿರಲಿಲ್ಲ. ತಿಂಗಳ ಕೊನೆಗೆ ಅವರು ಕೆಲಸ ಬಿಡುವವರಿದ್ದರು. ಅದರೊಂದಿಗೆ ಈ ಭಾಗ್ಯವೂ ಮುಗಿಯುತ್ತಿತ್ತು. ರಜೆ ಉಳಿದದ್ದೂ ಇದೊಂದೇ ವಾರ.

ಟ್ರಿನಿಡಾಡೇ ಯಾಕೆ ಎಂದು ನೀವು ಕೇಳಬಹುದು. ಪಕ್ಕದ ಮನೆಯ ರಾಮದೀನಬಾಯಿಯ ಊರು ಅದು. ಅವರ ಅಜ್ಜನ ಅಪ್ಪ ಕಬ್ಬಿನ ಗದ್ದೆಯ ಕೂಲಿಗೆಂದು ಕಲಕತ್ತೆಯಿಂದ ಹಡಗು ಹತ್ತಿದವರಂತೆ. ಬೇಲಿಯ ಮೇಲೆ ಮೊಣಕೈ ಊರಿ ಅವರು ಊರಿನ ವರ್ಣನೆಗೆ ತೊಡಗಿದರೆ ನನ್ನ ಅನ್ನ ತಳ ಹಿಡಿಯುವವರೆಗೂ ಬಿಡುತ್ತಿರಲಿಲ್ಲ. ಸಂಜೆಯಾದರೆ ಉಪ್ಪುನೀರಿನ ಕೆಸರಿನಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳ ಜವುಗಿಗೆ ಹಿಂಡುಹಿಂಡಾಗಿ ಮರಳುವ, ಮೈಯೆಲ್ಲ ಕುಂಕುಮ ಚೆಲ್ಲಿಕೊಂಡಂಥ ಹಕ್ಕಿಗಳು. ರಾತ್ರಿ ಅಲೆಯಿಂದ ತೆವಳಿ ಬಂದು, ಮರಳಿನಲ್ಲಿ ಮೊಟ್ಟೆಯಿಟ್ಟು, ತಿರುಗಿಯೂ ನೋಡದೆ ಹೋಗುವ, ಊಟದ ಮೇಜಿನಷ್ಟು ದೊಡ್ಡ ಆಮೆಗಳು. ಎಣ್ಣೆಯ ಡ್ರಮ್ಮನ್ನು ಬಡಿದು ತಗ್ಗಿಸಿ ವೀಣೆಯಂತೆ ನುಡಿಸುವ ಜನ. ಎಲ್ಲಕ್ಕೂ ಮಿಗಿಲಾಗಿ ಸಮುದ್ರದ ದೇವಸ್ಥಾನ: ಕಬ್ಬಿನ ಗದ್ದೆಯ ಕೂಲಿಯವನೊಬ್ಬ ನೆಲದ ಮೇಲೆ ಗುಡಿ ಕಟ್ಟಿದ್ದಕ್ಕೆ ಜಾಗ ನಿನ್ನದಲ್ಲವೆಂದು ಕೆಡವಿಸಿದರಂತೆ, ಆ ಕೂಲಿಯವನು ‘ಸಮುದ್ರ ಯಾರಪ್ಪನದೂ ಅಲ್ಲ’ ಎಂದು, ಸೈಕಲ್ಲಿನ ಮೇಲೆ ಕಲ್ಲುಮಣ್ಣು ಹೊತ್ತು, ನೀರಿನೊಳಗೆ ದಾರಿ ಹಾಕಿ ಅಲ್ಲಿಯೇ ಗುಡಿ ಎಬ್ಬಿಸಿದನಂತೆ. ಇಂಥ ಹಟ ನಮ್ಮ ವಿಜಾಪುರದ ಕಡೆಯವರಿಗಲ್ಲದೆ ಬೇರೆಯವರಿಗೆ ಬರಲಾರದೆಂದು ನನ್ನ ದೃಢ ನಂಬಿಕೆ. ಹಡಗಿನಲ್ಲಿ ನಮ್ಮವನೊಬ್ಬ ನುಸುಳಿರಬೇಕು.

ನಮ್ಮ ಮನೆಯವರಿಗೆ ಇದಾವುದೂ ಬೇಡ. ಅವರ ಲಕ್ಷ್ಯವೆಲ್ಲ ಅಲ್ಲಿಯ ಡಾಂಬರಿನ ಕೆರೆಯ ಮೇಲೆ. ನೆಲದಿಂದ ತಾನಾಗಿ ಉಕ್ಕಿ ಕೆರೆಯಾಗಿ ನಿಂತ ಡಾಂಬರು, ಮೇಲೆ ನಡೆದಾಡಬಹುದು, ಎಷ್ಟು ತೆಗೆದರೂ ಮತ್ತೆ ತುಂಬಿಕೊಳ್ಳುತ್ತದೆ ಎಂದು ಲೈಬ್ರರಿಯ ಪುಸ್ತಕ ಹಿಡಿದು ನನಗೆ ಪಾರಾಯಣ ಮಾಡುತ್ತಿದ್ದರು. ಡಾಂಬರು ನೋಡಲು ಸಾಗರ ದಾಟಬೇಕೆ? ಕೌನ್ಸಿಲ್ಲಿನವರು ನಮ್ಮ ಬಾಗಿಲ ಮುಂದೆಯೇ ವರ್ಷವೆಲ್ಲ ಅಗೆದು ತೋರಿಸುತ್ತಾರಲ್ಲ ಎಂದು ನಾನೂ ಬಿಡದೆ ಕೆಣಕುತ್ತಿದ್ದೆ.

ಆದರೆ ನನ್ನ ಆಸೆಯ ಬುಡದಲ್ಲಿದ್ದದ್ದು ಹಕ್ಕಿಯೂ ಅಲ್ಲ, ಗುಡಿಯೂ ಅಲ್ಲ. ಮದುವೆಯಾದಂದಿನಿಂದ ನಾವು ಮಾಡಿದ ಪ್ರವಾಸಗಳೆಲ್ಲ ಲಗ್ನ, ಮುಂಜಿವೆ, ತೊಟ್ಟಿಲು. ಇಳಿದ ಕೂಡಲೆ ‘ಯಾವಾಗ ಬಂದಿ?’, ಕೂತ ಕೂಡಲೆ ‘ಯಾವಾಗ ಹೋಗತಿ?’ ಎಲ್ಲಿ ಹೋದರೂ ನಾನು ಒಬ್ಬರ ಸೊಸೆ, ಇನ್ನೊಬ್ಬರ ಕಾಕು, ಮತ್ತೊಬ್ಬರ ನಾದಿನಿ; ಬ್ಯಾಗಿನ ತುಂಬ ಯಾರಿಗೋ ಸೆಂಟು, ಯಾರಿಗೋ ಸ್ವೆಟರ್. ಒಮ್ಮೆಯಾದರೂ, ನಾನು ಯಾರ ಏನೂ ಅಲ್ಲದ ಒಂದು ಊರಿನಲ್ಲಿ ಸುಮ್ಮನೆ ನಿಂತು, ನೋಡಿ ಬರಬೇಕಿತ್ತು. ಇದನ್ನು ಮಗಳಿಗೆ ಫೋನಿನಲ್ಲಿ ಹೇಳಿದರೆ, ಯೂನಿವರ್ಸಿಟಿಯಲ್ಲಿ ಓದುವ ಅವಳದು ಒಂದೇ ಉತ್ತರ: “ಮಮ್ಮಿ, ಜಸ್ಟ್ ಬೈ ಅ ಟಿಕೆಟ್!” ವಿಮಾನದ ನೌಕರ ದುಡ್ಡು ಕೊಟ್ಟು ಟಿಕೆಟ್ಟು ಕೊಳ್ಳುವುದೆಂದರೆ, ಪೇಡೆ ಅಂಗಡಿಯವ ಎದುರಿನ ಅಂಗಡಿಗೆ ಹೋಗಿ ಪೇಡೆ ಕಟ್ಟಿಸಿಕೊಂಡಂತೆ ಎಂಬುದು ಈ ಮಕ್ಕಳಿಗೆ ಹೇಗೆ ತಿಳಿಯಬೇಕು?

ಮಧ್ಯಾಹ್ನ ಏರ್‌ಪೋರ್ಟಿನಲ್ಲಿ ಕೂತೆವು. ಟೈ, ರೇಷ್ಮೆ ಸೀರೆ, ಕಾಲ ಬಳಿ ಕಡಕ್ ರೊಟ್ಟಿಯ ಡಬ್ಬಿ. ಟಿಕೆಟ್ಟಿನವರೆಲ್ಲ ಒಳಗೆ ಹೋದ ಮೇಲೆ ಕೌಂಟರಿನ ಹುಡುಗಿ ನಮ್ಮ ಹೆಸರನ್ನು ತನಗೆ ಬಂದಂತೆ ಕೂಗಿದಳು. ಓಡಿದೆವು.

“ಒಂದೇ ಸೀಟು ಉಳಿದಿದೆ. ಯಾರು ಹೋಗುತ್ತೀರಿ?” ಎಂದು ಅವಳು ಇಂಗ್ಲಿಷಿನಲ್ಲಿ ಕೇಳಿದಳು.

“ನೀ ಹೋಗು,” ಅಂದರು ಇವರು.

“ಅಯ್ಯ, ನಾ ಒಲ್ಲೆ. ನೀವs ಹೋಗ್ರಿ. ಕೆರಿ ನೋಡಬೇಕಂತಿದ್ರಲ್ಲಾ.”

“ಕೆರಿ ಎಲ್ಲಿ ಓಡಿ ಹೋಗತದ? ನೀ ಹೋಗs. ನಾ ನಾಳಿ ಬರತೇನಿ.”

“ನೀವಿಲ್ಲದ ನಾ ಒಬ್ಬಾಕಿ ಏನ ಮಾಡ್ಲಿ? ಬ್ಯಾಡs ಬ್ಯಾಡ.”

ಓದುಗರೇ, ನಿಮಗೆ ಬಿಡಿಸಿ ಹೇಳಬೇಕಿಲ್ಲ. ನಮ್ಮ ಕಡೆ ‘ಒಲ್ಲೆ’ ಎನ್ನುವುದು ಸಂಭಾಷಣೆಯ ಆರಂಭ. ಹೋಳಿಗೆಗೆ ಮೊದಲ ಸಲವೇ ಹೂಂ ಅನ್ನುವವರನ್ನು ಉಂಡು ಬೆಳೆದವರೆಂದು ಯಾರೂ ನಂಬುವುದಿಲ್ಲ; ಎರಡು ಸಲ ಎಲೆಗೆ ಕೈ ಅಡ್ಡ ಹಿಡಿದು, ಮೂರನೆಯ ಸಲಕ್ಕೆ ಬಡಿಸುವವರ ಒತ್ತಾಯಕ್ಕೆ ಸೋತಂತೆ ಬೆರಳು ಸಡಿಲಿಸಬೇಕು. ನಾನು ಇನ್ನೊಂದೇ ಒತ್ತಾಯದಲ್ಲಿ ಸೋಲುವವಳಿದ್ದೆ. ದೇವರಾಣೆಗೂ ಹೋಗುವವಳಿದ್ದೆ! ಅಷ್ಟರಲ್ಲಿ ಆ ಹುಡುಗಿ “ಯು ಡೋಂಟ್ ವಾಂಟ್ ಇಟ್?” ಎಂದಳು. ನಾವಿಬ್ಬರೂ ಒಬ್ಬರನ್ನೊಬ್ಬರು ತೋರಿಸುತ್ತ ಏಕಕಂಠದಿಂದ “ನೋ, ನೋ” ಅಂದೆವು. ಹಿಂದೆ ನಿಂತಿದ್ದ ಕೆಂಪುಗೂದಲಿನ ದಪ್ಪನೆಯ ಮನುಷ್ಯ ಅವಳ ಬಾಯಿಂದ ಪ್ರಶ್ನೆ ಹೊರಡುವ ಮುನ್ನವೇ “ಯೆಸ್ ಪ್ಲೀಸ್” ಎಂದ. ಎರಡೇ ಶಬ್ದದಲ್ಲಿ ನನ್ನ ಹಕ್ಕಿ, ಆಮೆ, ಗುಡಿ, ಡಾಂಬರು ಎಲ್ಲವೂ ಅವನ ಪಾಲಾದವು. ಈ ವಾರದ ಮಿಕ್ಕ ವಿಮಾನಗಳೆಲ್ಲ ಆಗಲೇ ಭರ್ತಿಯೆಂದು ಹುಡುಗಿ ಆಮೇಲೆ ಹೇಳಿದಳು.

ಬಸ್ಸಿನಲ್ಲಿ ಒಬ್ಬರ ಮೇಲೊಬ್ಬರಿಗೆ ಸಿಟ್ಟು. ಕಾರಣ ಮಾತ್ರ ಪರಸ್ಪರ ಉಪಚಾರ. ಮನೆಯ ಬಾಗಿಲು ತೆರೆದರೆ ಮಿರಿಮಿರಿ ಮಿಂಚುವ ಮನೆ, ಹೊಗಳಲು ಕಳ್ಳನೂ ಬಂದಿರಲಿಲ್ಲ. ರಾಮದೀನಬಾಯಿ ಬೇಲಿಯಾಚೆಯಿಂದಲೇ ಕಥೆ ಕೇಳಿ ಹೊಟ್ಟೆ ಹಿಡಿದು ನಕ್ಕರು. ಮೆಂತ್ಯೆಸೊಪ್ಪು ಆಗಲೇ ಅವರ ಬಾಣಲೆಯಲ್ಲಿ ಬೆಂದಿತ್ತು. “ದೇಶ ನೋಡಲು ಹೋಗದಿದ್ದರೆ ಬೇಡ, ಕನಿಷ್ಠ ರುಚಿ ನೋಡಿ,” ಎಂದು ಬಟ್ಟಲು ದಾಟಿಸಿದರು. ಬೆಳ್ಳುಳ್ಳಿ, ಮೈ ಬೆವರಿಸುವ ಅವರೂರಿನ ಮೆಣಸಿನಕಾಯಿ. ಹೆಸರು ಅವರ ಬಾಯಲ್ಲೂ ‘ಭಾಜಿ’ಯೇ.

ಊಟಕ್ಕೆ ಕೂತಾಗ ಇವರು ರೊಟ್ಟಿ ಮುರಿಯುತ್ತ, ತಾಟಿನಿಂದ ಕಣ್ಣೆತ್ತದೆ ಅಂದರು: “ಕೆಲಸಾ ಬಿಟ್ಟ ಮ್ಯಾಲೆ ಹೋಗೂಣು. ಟಿಕೀಟ ತಗೊಂಡು. ರೊಕ್ಕಾ ಕೊಟ್ಟು.”

ಆ ಮನುಷ್ಯನ ಬಾಯಿಂದ ಆ ಮಾತು! ನನ್ನ ನಾಲಿಗೆಯ ತುದಿಗೆ ‘ಬ್ಯಾಡ ಬಿಡ್ರಿ, ಯಾಕ ಸುಮ್ಮನ ಖರ್ಚು’ ಎಂಬುದು ಪೂರ್ತಿ ಸಿದ್ಧವಾಗಿ ಬಂದು ನಿಂತಿತ್ತು. ಎಷ್ಟೋ ವರ್ಷಗಳಿಂದ ಅಲ್ಲಿಯೇ ಅದರ ವಾಸ. ರೊಟ್ಟಿಯ ತುಣುಕೊಂದನ್ನು ಬಾಯಿಗೆ ಹಾಕಿ ಅದನ್ನು ಒಳಗೆ ನೂಕಿದೆ.

“ಹೂಂ,” ಅಂದೆ. “ನಾಳೆನs ತಗೋರಿ.”

ಅವರ ಕೈ ತಾಟಿಗೂ ಬಾಯಿಗೂ ನಡುವೆ ನಿಂತಿತು. ಪಾಪ, ಎರಡು ‘ಒಲ್ಲೆ’ಗಳ ಭರವಸೆಯ ಮೇಲೆ ಆಡಿದ ಮಾತಿರಬೇಕು.

ಆ ಸಂಜೆ ಉಂಡದ್ದು ಕಡಕ್ ರೊಟ್ಟಿ, ಶೇಂಗಾ ಚಟ್ನಿ, ರಾಮದೀನಬಾಯಿಯ ಭಾಜಿ; ಹಾಲಿಲ್ಲದ್ದರಿಂದ ಮೊಸರಿಲ್ಲ, ಚಹಾವೂ ಇಲ್ಲ. ಮೊದಲು ನಿದ್ದೆ ಹೋದವಳು ನಾನು. ಅವರಿಗೆ ಬಹಳ ಹೊತ್ತು ನಿದ್ದೆ ಬರಲಿಲ್ಲವಂತೆ.